ವೈನ್ ದ್ರಾಕ್ಷಿ ನೆಡುವ ಮುಂಚೆ ವೈನ್ ಮಾಡುವಲ್ಲಿಗೆ ಹೋಗಿ ಬಂದೆವು

ನಮ್ಮ ಕಡೆ ದ್ರಾಕ್ಷಿ ಅಂದರೆ ಬೆಂಗಳೂರು ನೀಲಿ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ, ಕೋಲಾರದ ಸುತ್ತ ನೂರೈವತ್ತು ವರ್ಷದಿಂದ ಇದೆ ಎನ್ನುತ್ತಾರೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಗುರುತೂ ಸಿಕ್ಕಿದೆ. ಕಲ್ಲುಕೂಚ ನೆಟ್ಟು, ಮೇಲೆ ತಂತಿ ಚಪ್ಪರ ಎಳೆದು, ವರ್ಷಕ್ಕೆ ಎರಡು ಬೆಳೆ ತೆಗೆಯುವ ತೋಟಗಳನ್ನು ನೀವು ಬಸ್ಸಿನಲ್ಲಿ ಹೋಗುವಾಗ ನೋಡಿರುತ್ತೀರಿ.

ನಾನು ದ್ರಾಕ್ಷಿ ಬೆಳೆಗಾರನಲ್ಲ. ಗುಡಿಬಂಡೆ ಕಡೆ ನಾಲ್ಕು ಎಕರೆ ಖುಷ್ಕಿ ಇದೆ. ಮಳೆ ಬಂದರೆ ರಾಗಿ, ಕಡಲೆಕಾಯಿ, ಅಕ್ಕಡಿಗೆ ಅವರೆ, ಹುಚ್ಚೆಳ್ಳು. ಆದರೆ ನನ್ನ ಅಕ್ಕನ ಮಗನಿಗೆ ದೇವನಹಳ್ಳಿ ಹತ್ತಿರ ಒಂದು ಎಕರೆ ನೀಲಿ ದ್ರಾಕ್ಷಿ ಇದೆ. ಚಪ್ಪರ ಹಳೆಯದಾಗಿದೆ, ಕೂಚಗಳು ವಾಲಿವೆ, ಬೋರಿನಲ್ಲಿ ಎರಡು ಇಂಚು ಇದ್ದ ನೀರು ಒಂದಕ್ಕೆ ಬಂದಿದೆ. ಹೋದ ವರ್ಷ ಅವನ ಹತ್ತಿರ ಒಬ್ಬರು ಬಂದು, ಇದನ್ನೆಲ್ಲ ಕಿತ್ತು ವೈನ್ ದ್ರಾಕ್ಷಿ ನೆಡು, ಕಿಲೋಗೆ 50 ರೂಪಾಯಿ ಗ್ಯಾರಂಟಿ, ನೀರೂ ಕಮ್ಮಿ ಸಾಕು ಅಂತ ಹೇಳಿ ಹೋದರು. ಹುಡುಗ ಬ್ಯಾಂಕಿಗೆ ಹೋಗಿ ಸಾಲ ಎಷ್ಟು ಸಿಗುತ್ತೆ ಅಂತಲೂ ವಿಚಾರಿಸಿದ್ದ. ಅವನ ತಂದೆ ಈಗಿಲ್ಲ. ಸೋದರಮಾವನೆಂದು ನನ್ನನ್ನು ಕೇಳಿದ. ನನಗೆ ತಿಳಿದದ್ದು ಇಷ್ಟೇ: ಕೊಳ್ಳುವವನ ಮನೆ ನೋಡದೆ ಮಾಲು ಬೆಳೆಯಬಾರದು. ನಡಿ, ಮೊದಲು ವೈನ್ ಮಾಡುವ ಕಡೆ ಹೋಗಿ ಬರೋಣ ಅಂದೆ.

ದೊಡ್ಡ ಕಂಪನಿಗಳು ನಂದಿ ತಪ್ಪಲಲ್ಲೇ ಇವೆ. 1988ರಲ್ಲಿ ಕನ್ವಲ್ ಗ್ರೋವರ್ ಎನ್ನುವವರು ಫ್ರಾನ್ಸ್ ದೇಶದ ಜಾರ್ಜ್ ವೆಸೆಲ್ ಎಂಬ ತಜ್ಞರ ಜೊತೆ ಸೇರಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ತೋಟ ಮಾಡಿದ ಮೇಲೆ ಈ ಕಸುಬು ನಮ್ಮ ಕಡೆ ಬೇರೂರಿತು. ಅಲ್ಲಿಗೆ ಹೋದರೆ ನಮ್ಮಂಥವರ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೋ ಎಂದುಕೊಂಡು, ಪರಿಚಯದವರ ಮೂಲಕ ಒಂದು ಸಣ್ಣ ವೈನರಿಗೆ ಫೋನು ಮಾಡಿಸಿದೆವು. ಗಂಡ, ಹೆಂಡತಿ, ಮಗ ಮೂವರೇ ನಡೆಸುತ್ತಾರೆ. ಸ್ವಂತ ಎಂಟು ಎಕರೆ, ಜೊತೆಗೆ ಮೂವರು ರೈತರಿಂದ ಹಣ್ಣು ಕೊಳ್ಳುತ್ತಾರೆ. ಪತ್ರಿಕೆಯಲ್ಲಿ ಹೆಸರು ಹಾಕಬೇಡಿ, ಲೆಕ್ಕ ಬೇಕಾದರೆ ಬರೆಯಿರಿ ಅಂದರು. ಆದ್ದರಿಂದ ಹೆಸರು ಬರೆಯುವುದಿಲ್ಲ. ಹೋದದ್ದು ಫೆಬ್ರವರಿ ಕೊನೆಯಲ್ಲಿ, ಕೊಯ್ಲಿನ ಕಾಲ.

ತೋಟದಲ್ಲಿ ಚಪ್ಪರವೇ ಇಲ್ಲ. ಬೇಲಿಯ ಹಾಗೆ ಸಾಲು ಸಾಲಾಗಿ ತಂತಿ ಎಳೆದು ಬಳ್ಳಿ ಹಬ್ಬಿಸಿದ್ದಾರೆ. ಸಾಲಿಂದ ಸಾಲಿಗೆ 8 ಅಡಿ, ಗಿಡದಿಂದ ಗಿಡಕ್ಕೆ 4 ಅಡಿ. ಎಕರೆಗೆ ಸುಮಾರು 1,350 ಗಿಡ. ಎಲ್ಲ ಕಸಿ ಗಿಡಗಳು. ಬೇರು ಡಾಗ್‌ರಿಡ್ಜ್ ಅಥವಾ 110 ಆರ್ ಎನ್ನುವ ಕಾಡು ಜಾತಿಯದು, ಮೇಲಿನದು ಶಿರಾಜ್, ಕ್ಯಾಬರ್ನೆ, ಶೆನಿನ್ ಹೀಗೆ. ಕಾಡು ಬೇರು ನೀರಿನ ಕೊರತೆ, ಉಪ್ಪುನೀರು ಎರಡನ್ನೂ ಸ್ವಲ್ಪ ತಡೆಯುತ್ತದೆ. ಪ್ರತಿ ಸಾಲಿನ ತುದಿಗೆ ಒಂದು ಗುಲಾಬಿ ಗಿಡ ಇತ್ತು. ಬೂದಿ ರೋಗ ಮೊದಲು ಗುಲಾಬಿಗೆ ಕಾಣಿಸುತ್ತದೆ, ಆಗ ದ್ರಾಕ್ಷಿಗೆ ಎಚ್ಚರ ವಹಿಸುತ್ತಾರೆ ಎಂಬುದು ಹಳೆಯ ಕಾಲದ ಪದ್ಧತಿಯಂತೆ. ಈಗ ಫೋಟೋ ತೆಗೆಸಿಕೊಳ್ಳುವವರಿಗೆ ಚೆನ್ನಾಗಿರುತ್ತೆ ಅಂತ ಇಟ್ಟಿದ್ದೀವಿ ಎಂದು ಯಜಮಾನರು ನಕ್ಕರು.

ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೆ ಎರಡು ಸಲ ಸವರುತ್ತಾರೆ. ಕೊಯ್ಲು ಆದ ಮೇಲೆ ಏಪ್ರಿಲ್ ಸುಮಾರಿಗೆ ಒಂದು, ಅದು ಕಡ್ಡಿ ಬಲಿಯಲು. ಸೆಪ್ಟೆಂಬರ್-ಅಕ್ಟೋಬರಿಗೆ ಇನ್ನೊಂದು, ಅದು ಹಣ್ಣಿಗೆ. ಎರಡು ಸಲ ಸವರಿದರೂ ಬೆಳೆ ಒಂದೇ. ಇದನ್ನು ಅಕ್ಕನ ಮಗ ಅಲ್ಲೇ ಪುಸ್ತಕದಲ್ಲಿ ಗುರುತು ಹಾಕಿಕೊಂಡ. ಅವನ ನೀಲಿ ದ್ರಾಕ್ಷಿ ವರ್ಷಕ್ಕೆ ಎರಡು ಸಲ ದುಡ್ಡು ತರುತ್ತದೆ.

ಶಿರಾಜ್ ಗೊಂಚಲು ನೋಡಿದರೆ ನಮಗೆ ಬೇಜಾರಾಗುತ್ತದೆ. ಕಾಳು ಸಣ್ಣದು, ಕರಿಮಣಿಯಷ್ಟು ಕಪ್ಪು, ಸಿಪ್ಪೆ ದಪ್ಪ, ಒಳಗೆಲ್ಲ ಬೀಜ. ಒಂದು ಕಾಳು ಹಿಸುಕಿದರೆ ರಸಕ್ಕೆ ಬಣ್ಣವೇ ಇಲ್ಲ, ನೀರಿನ ಹಾಗಿದೆ. ಕೆಂಪು ವೈನಿನ ಬಣ್ಣ, ಒಗರು ಎಲ್ಲ ಸಿಪ್ಪೆಯಿಂದ ಬರಬೇಕು. ಅದಕ್ಕೇ ಸಣ್ಣ ಕಾಳು ಬೇಕು. ರಸ ಕಮ್ಮಿ, ಸಿಪ್ಪೆ ಜಾಸ್ತಿ. ನಾವು ಔಷಧಿ ಹೊಡೆದು ಕಾಳು ದಪ್ಪ ಮಾಡಲು ಒದ್ದಾಡಿದರೆ ಇವರು ಅದನ್ನು ಸಣ್ಣಗೆ ಇಡಲು ಒದ್ದಾಡುತ್ತಾರೆ. ಹಣ್ಣು ಬಣ್ಣ ತಿರುಗಿದ ಮೇಲೆ ನೀರು ಕಡಿಮೆ ಮಾಡುತ್ತಾರೆ, ಹೆಚ್ಚು ಗೊಂಚಲಿದ್ದರೆ ಹಸಿರಿದ್ದಾಗಲೇ ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ಎಕರೆಗೆ ನಾಲ್ಕೈದು ಟನ್ನಿಗಿಂತ ಜಾಸ್ತಿ ಬಿಡುವುದಿಲ್ಲ. ಬೆಂಗಳೂರು ನೀಲಿಯಲ್ಲಿ ಚೆನ್ನಾಗಿ ನೋಡಿಕೊಂಡರೆ ಎರಡು ಬೆಳೆ ಸೇರಿ 15ರಿಂದ 20 ಟನ್.

ಕೊಯ್ಯುವುದು ಯಾವಾಗ ಎಂಬುದನ್ನು ಬಣ್ಣ ನೋಡಿ ಹೇಳುವುದಿಲ್ಲ. ಪೆನ್ನಿನಷ್ಟು ಉದ್ದದ ಒಂದು ದುರ್ಬೀನು ಇದೆ. ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಗೀಟು ಕಾಣುತ್ತದೆ. ಅದು ಬ್ರಿಕ್ಸ್ ಲೆಕ್ಕ. 100 ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂದು ತಿಳಿದುಕೊಳ್ಳಿ. ಕೆಂಪು ವೈನಿಗೆ 22ರಿಂದ 24 ಬೇಕು. ಒಂದು ಲೀಟರ್ ರಸದಲ್ಲಿ 17 ಗ್ರಾಂ ಸಕ್ಕರೆ ಇದ್ದರೆ ಹುಳಿತ ಮೇಲೆ ಶೇಕಡಾ ಒಂದು ಆಲ್ಕೋಹಾಲ್ ಆಗುತ್ತದೆ. 24 ಬ್ರಿಕ್ಸ್ ಇದ್ದರೆ ಸುಮಾರು 13. ನಮ್ಮ ನೀಲಿ ದ್ರಾಕ್ಷಿ ಅಷ್ಟು ಸಿಹಿ ಏರುವುದಿಲ್ಲ, ಹುಳಿ ಜಾಸ್ತಿ, ವಾಸನೆಯೂ ಗಾಢ. ಸಿಪ್ಪೆ ಹಿಸುಕಿದರೆ ತಿರುಳು ಜಾರಿ ಈಚೆ ಬರುವುದು, ಒಂದು ಬುಟ್ಟಿ ಇಟ್ಟರೆ ಮನೆಯೆಲ್ಲ ಘಮ್ಮೆನ್ನುವುದು ಅಮೆರಿಕದ ದ್ರಾಕ್ಷಿ ಜಾತಿಯ ಗುಣ. ಇದು ಅಲ್ಲಿನ ಇಸಾಬೆಲ್ಲಾ ಎಂಬ ತಳಿಯ ಕಡೆಯದು. ಯುರೋಪಿನವರು ಇಸಾಬೆಲ್ಲಾದಿಂದ ಮಾರಾಟಕ್ಕೆ ವೈನ್ ಮಾಡುವುದನ್ನೇ ನಿಷೇಧಿಸಿದ್ದಾರೆ. ನಮ್ಮಲ್ಲಿ ಸಕ್ಕರೆ ಸೇರಿಸಿ ಮಾಡುವ ಸಿಹಿ ವೈನಿಗೆ, ಜ್ಯೂಸಿಗೆ ನಡೆಯುತ್ತದೆ. ತಿನ್ನಲಿಕ್ಕಂತೂ ನಮಗೆ ಅದೇ ರುಚಿ.

ಒಳಗೆ ಹೋದರೆ ಒಂದು ದೊಡ್ಡ ಶೆಡ್ಡು, ಹಾಲಿನ ಡೇರಿಯ ಹಾಗೆ ಸ್ಟೀಲ್ ಟ್ಯಾಂಕುಗಳು. ಬೆಳಗಿನ ತಂಪಿನಲ್ಲಿ ಕೊಯ್ದ ಹಣ್ಣನ್ನು ಮಿಷನ್ನಿಗೆ ಹಾಕಿ ತೊಟ್ಟು ಬೇರೆ ಮಾಡಿ, ಕಾಳು ಒಡೆದು, ಸಿಪ್ಪೆ ಬೀಜ ಸಮೇತ ಟ್ಯಾಂಕಿಗೆ ತುಂಬುತ್ತಾರೆ. ಪ್ಯಾಕೆಟ್ಟಿನಲ್ಲಿ ಬರುವ ಯೀಸ್ಟ್ ಹಾಕುತ್ತಾರೆ. ದೋಸೆ ಹಿಟ್ಟು ಉಬ್ಬುವ ಹಾಗೆ ಒಂದೆರಡು ದಿನದಲ್ಲಿ ಸಿಪ್ಪೆಯೆಲ್ಲ ಮೇಲೆ ತೇಲಿ ಗಟ್ಟಿ ಕೆನೆ ಕಟ್ಟುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಕೆಳಗೆ ಒತ್ತಬೇಕು. ಇಲ್ಲದಿದ್ದರೆ ಬಣ್ಣ ಇಳಿಯುವುದಿಲ್ಲ, ಮೇಲೆ ವಿನಿಗರ್ ಹುಳಿ ಹಿಡಿಯುತ್ತದೆ. ವಾರ ಹತ್ತು ದಿನದ ಮೇಲೆ ಹಿಂಡುತ್ತಾರೆ. ಬಿಳಿ ವೈನ್ ಆದರೆ ಮೊದಲೇ ಹಿಂಡಿ, ಬರೀ ರಸವನ್ನು ತಣ್ಣಗೆ ಇಟ್ಟು ನಿಧಾನ ಹುಳಿಸುವುದು. ಆ ತಣ್ಣಗೆ ಇಡುವುದಕ್ಕೇ ಕರೆಂಟು ಬಿಲ್ಲು ಜೋರು. ಕರೆಂಟು ಹೋದರೆ ಜನರೇಟರ್ ಓಡಲೇಬೇಕು.

ಹುಳಿಯುವಾಗ ಬರುವ ಗಾಳಿಯ ವಿಷಯ ಹೇಳಬೇಕು. ಖಾಲಿಯಾದ ಟ್ಯಾಂಕಿನ ಬಾಯಿಗೆ ಬಗ್ಗಿದ ಅಕ್ಕನ ಮಗನನ್ನು ಅಲ್ಲಿಯ ಹುಡುಗ ಭುಜ ಹಿಡಿದು ಹಿಂದಕ್ಕೆ ಎಳೆದ. ಇಂಗಾಲದ ಗಾಳಿ ಭಾರ, ತಳದಲ್ಲೇ ನಿಂತಿರುತ್ತದೆ, ಒಳಗೆ ಇಳಿದವನು ಉಸಿರು ಕಟ್ಟಿ ಅಲ್ಲೇ ಬೀಳುತ್ತಾನೆ ಅಂದ. ನನಗೆ ನಮ್ಮ ರಾಗಿ ಹಗೇವು ನೆನಪಾಯಿತು. ಹಗೇವು ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಅದನ್ನು ಹೇಳಿದೆ. ಆ ಹುಡುಗ ಎಲ್ಲೋ ಓದಿ ಬಂದವನು, ಅವನಿಗೆ ಹಗೇವು ಗೊತ್ತಿರಲಿಲ್ಲ. ಕುಳಿತು ಪೂರ್ತಿ ಕೇಳಿದ.

ಆಮೇಲೆ ಓಕ್ ಮರದ ಪೀಪಾಯಿಗಳು. ಒಂದೊಂದು 225 ಲೀಟರಿನದು, ಫ್ರಾನ್ಸಿನಿಂದ ಬರುತ್ತದೆ. ಒಂದಕ್ಕೆ ಒಂದು ಜೊತೆ ಎತ್ತಿನ ದುಡ್ಡು. ಮೂರು ನಾಲ್ಕು ವರ್ಷಕ್ಕೆ ಮರದ ಸಾರ ತೀರಿಹೋಗುತ್ತದೆ. ಒಳಗಿನ ವೈನ್ ಮರದ ಮೂಲಕ ಆವಿಯಾಗುತ್ತಲೇ ಇರುತ್ತದೆ, ಆಗಾಗ ತುಂಬಿಸುತ್ತಿರಬೇಕು. ಒಳ್ಳೆಯ ಕೆಂಪು ವೈನ್ ವರ್ಷವಾದರೂ ಹೀಗೆ ಕೂತಿರುತ್ತದೆ. ದುಡ್ಡೂ ಅದರ ಜೊತೆ ಕೂತಿರುತ್ತದೆ.

ರುಚಿ ನೋಡುವ ಕೋಣೆಯನ್ನು ಅವರು ಟೇಸ್ಟಿಂಗ್ ರೂಮ್ ಎನ್ನುತ್ತಾರೆ. ಹಳೆಯ ದನದ ಕೊಟ್ಟಿಗೆಯನ್ನು ರಿಪೇರಿ ಮಾಡಿ, ಕಲ್ಲುಚಪ್ಪಡಿ ನೆಲ ಹಾಗೇ ಬಿಟ್ಟು, ಉದ್ದದ ಒಂದು ಮೇಜು ಹಾಕಿದ್ದಾರೆ. 21 ತುಂಬದವರಿಗೆ ಕೊಡುವುದಿಲ್ಲ ಎಂದು ಗೋಡೆಗೆ ಬೋರ್ಡು. ನಾವು ಹೋದ ದಿನ ಬೆಂಗಳೂರಿನಿಂದ ಎರಡು ಕಾರಿನಲ್ಲಿ ಏಳೆಂಟು ಜನ ಬಂದಿದ್ದರು. ನಾನು ಬಾಗಿಲ ಹತ್ತಿರ ಕೂತೆ. ಯಜಮಾನರ ಹೆಂಡತಿ, "ಬನ್ನಿ ಯಜಮಾನ್ರೆ, ನೀವೂ ದ್ರಾಕ್ಷಿ ಕಡೆಯವರೇ ಅಲ್ವಾ, ಕುಡೀಬೇಕು ಅಂತೇನಿಲ್ಲ, ಮೂಸಿ ನೋಡಿ" ಅಂತ ಮೇಜಿಗೆ ಕರೆದರು.

ಕ್ರಮ ಹೀಗಿದೆ. ಲೋಟದ ತಳಕ್ಕೆ ಎರಡು ಗುಟುಕಿನಷ್ಟೇ ಹಾಕುತ್ತಾರೆ. ಮೊದಲು ಬಿಳಿ, ಆಮೇಲೆ ತೆಳು ಕೆಂಪು, ಕಡೆಗೆ ಪೀಪಾಯಿಯಲ್ಲಿ ಇಟ್ಟ ಗಟ್ಟಿ ಕೆಂಪು. ಗಟ್ಟಿಯದನ್ನು ಮೊದಲು ಕುಡಿದರೆ ನಾಲಿಗೆಗೆ ತೆಳುವಿನ ರುಚಿ ಹತ್ತುವುದಿಲ್ಲ. ಬಿಳಿ ಕಾಗದದ ಎದುರು ಹಿಡಿದು ಬಣ್ಣ ನೋಡುವುದು, ಲೋಟ ತಿರುಗಿಸಿ ಮೂಸುವುದು, ಬಾಯಲ್ಲಿ ಆಡಿಸುವುದು. ಬೇಡವಾದವರು ಉಗಿಯಲು ಒಂದು ಪಾತ್ರೆ ಇಟ್ಟಿರುತ್ತಾರೆ. ನಾನು ಕುಡಿಯುವವನಲ್ಲ. ಮೂಸಿದೆ, ನಾಲಿಗೆಗೆ ಮುಟ್ಟಿಸಿ ಉಗಿದೆ. ಬಿಳಿಯದರಲ್ಲಿ ಹಸಿ ಹುಲ್ಲು, ಸೀಬೆಕಾಯಿ. ಶಿರಾಜಿನಲ್ಲಿ ನೇರಳೆ ಹಣ್ಣು, ಹಿಂದೆಯೇ ಕರಿಮೆಣಸು. ಬಾಯೆಲ್ಲ ಒಗರು, ಬಲಿಯದ ನೇರಳೆ ತಿಂದಂತೆ. ನಾನು ಒಗರು ಅಂದೆ. ಪೇಟೆಯವರು ಅದಕ್ಕೆ ಏನೇನೋ ಇಂಗ್ಲಿಷ್ ಮಾತು ಆಡುತ್ತಿದ್ದರು. ಆಯಮ್ಮ ನನ್ನ ಮಾತು ಹಿಡಿದುಕೊಂಡು, "ಅದೇ, ಒಗರು. ಸಿಪ್ಪೇದು, ಬೀಜದ್ದು" ಅಂತ ಅವರಿಗೆಲ್ಲ ವಿವರಿಸಿದರು.

ಕುಡಿತದ ಬಗ್ಗೆ ನನಗೆ ಏನನ್ನಿಸಿತು ಎಂದು ಕೇಳುವವರು ಇರುತ್ತಾರೆ. 2007ರ ಜುಲೈ ತಿಂಗಳಲ್ಲಿ ನಮ್ಮ ಸರ್ಕಾರ ಸಾರಾಯಿ ನಿಲ್ಲಿಸಿತು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಸಾರಾಯಿಗೆ ಮನೆ ಕಳೆದುಕೊಂಡವರನ್ನು ನಾನು ನಮ್ಮೂರಲ್ಲೇ ನೋಡಿದ್ದೇನೆ. ವೈನ್ ಬೇರೆ, ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಿದರೆ ನಾನು ತಲೆ ಆಡಿಸುವುದಿಲ್ಲ, ಅದರಲ್ಲೂ ಇರುವುದು ಆಲ್ಕೋಹಾಲೇ. ಆದರೆ ಆ ಮನೆಯವರು ಮಾಡುವ ಕೆಲಸ ಅಚ್ಚುಕಟ್ಟು ಎಂಬುದನ್ನು ಹೇಳಲೇಬೇಕು. ಇನ್ನೊಂದು ಮಾತು, ಮನೆಯಲ್ಲಿ ಹುಳಿಸಿ ಬಾಟಲಿಗೆ ತುಂಬಿ ಮಾರುತ್ತೇವೆ ಎಂದು ಯಾರೂ ಹೊರಡಬೇಡಿ. ಮಾಡುವುದಕ್ಕೂ ಮಾರುವುದಕ್ಕೂ ಅಬಕಾರಿ ಇಲಾಖೆಯ ಲೈಸೆನ್ಸ್ ಬೇಕು.

ಪೇಟೆಯವರು ಹೋಗುವಾಗ ಒಬ್ಬೊಬ್ಬರೂ ಎರಡು ಮೂರು ಬಾಟಲಿ ಕೊಂಡು ಹೋದರು. ಆಮೇಲೆ ಯಜಮಾನರು ಕೂತು ಲೆಕ್ಕ ಹೇಳಿದರು. ಒಂದು ಟನ್ ಹಣ್ಣಿಗೆ ಸುಮಾರು 650 ಲೀಟರ್ ವೈನ್. 750 ಮಿಲಿಯ ಬಾಟಲಿಯಲ್ಲಿ 860ರ ಹತ್ತಿರ. ಅಂದರೆ ಬಾಟಲಿಗೆ ಒಂದು ಕಿಲೋ ನೂರೈವತ್ತು ಗ್ರಾಂ ಹಣ್ಣು. ಕಿಲೋ 50 ರೂಪಾಯಿ ಎಂದು ಹಿಡಿದರೂ ಬಾಟಲಿಯಲ್ಲಿ ರೈತನ ದ್ರಾಕ್ಷಿ 60 ರೂಪಾಯಿ ಒಳಗೆ. ಗಾಜು, ಬಿರಡೆ, ಲೇಬಲ್, ರಟ್ಟಿನ ಪೆಟ್ಟಿಗೆ, ಕರೆಂಟು, ಸುಂಕ, ಕೂತ ದುಡ್ಡಿನ ಬಡ್ಡಿ ಇವೆಲ್ಲ ಬೇರೆ. ಅಂಗಡಿಗೆ ಹಾಕಿದರೆ ವಿತರಕನಿಗೊಂದು ಪಾಲು, ಅಂಗಡಿಯವನಿಗೊಂದು ಪಾಲು, ಹಣ ಬರಲು ತಿಂಗಳುಗಟ್ಟಲೆ ಕಾಯಬೇಕು. ಬೇರೆ ರಾಜ್ಯಕ್ಕೆ ಕಳಿಸಿದರೆ ಆ ರಾಜ್ಯದ ಫೀಸು, ತೆರಿಗೆ ಇನ್ನೊಂದು ಸುತ್ತು. ಈ ಕೋಣೆಯಲ್ಲಿ ಮಾರಿದರೆ ಆ ಪಾಲುಗಳೆಲ್ಲ ಮನೆಯಲ್ಲೇ ಉಳಿಯುತ್ತವೆ, ನಗದು. "ತೋಟ ಅಲ್ಲ, ಟ್ಯಾಂಕೂ ಅಲ್ಲ, ನಮ್ಮನ್ನ ಸಾಕ್ತಿರೋದು ಈ ಕೊಟ್ಟಿಗೆ" ಅಂದರು ಆಯಮ್ಮ. ನಾಸಿಕದಲ್ಲಿ ಸುಲಾದವರು 2005ರಲ್ಲಿ ಇಂಥ ಕೋಣೆ ತೆರೆದ ಮೇಲೆ ಉಳಿದವರೂ ಅದೇ ದಾರಿ ಹಿಡಿದರಂತೆ.

ಇಲ್ಲಿ ಅಕ್ಕನ ಮಗ ನನ್ನ ಮುಖ ನೋಡಿದ. ಅವನ ಕೈಲಿ ಕೊಟ್ಟಿಗೆಯೂ ಇಲ್ಲ, ಕಾರಿನಲ್ಲಿ ಬರುವವರೂ ಇಲ್ಲ. ಅವನ ಪಾಲಿಗೆ ಬರುವುದು ಆ 60 ರೂಪಾಯಿ ಮಾತ್ರ. ಎಕರೆಗೆ ನಾಲ್ಕೂವರೆ ಟನ್ ಬಂದರೆ 50ರಂತೆ ಎರಡು ಲಕ್ಷ ಇಪ್ಪತ್ತೈದು ಸಾವಿರ. ನೀಲಿ ದ್ರಾಕ್ಷಿಗೆ ಅವನಿಗೆ ಈಚೆಗೆ ಕಿಲೋಗೆ 12ರಿಂದ 30ರವರೆಗೆ ಸಿಕ್ಕಿದೆ. 15 ಟನ್ನಿಗೆ 15 ರೂಪಾಯಿ ಹಿಡಿದರೂ ಅಷ್ಟೇ ಆಯಿತು. ವೈನ್ ದ್ರಾಕ್ಷಿಗೆ ನೀರು ಕಮ್ಮಿ, ಕೊಯ್ಲಿನ ಕೂಲಿ ಕಮ್ಮಿ, ಅದು ನಿಜ. ಆದರೆ ನೀಲಿಗೆ ಚಿಬ್ಬು ರೋಗ ಅಷ್ಟಾಗಿ ತಾಗದು. ಶಿರಾಜಿಗೆ ಬೂದಿ, ಡೌನಿ ಎರಡಕ್ಕೂ ಬಿಡದೆ ಔಷಧಿ ಹೊಡೆಯಬೇಕು. ನೆಟ್ಟು ಎರಡು ವರ್ಷ ಬೆಳೆ ಇಲ್ಲದೆ ಬಡ್ಡಿ ಕಟ್ಟಬೇಕು.

ಇದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ನೀಲಿ ದ್ರಾಕ್ಷಿಯನ್ನು ಜ್ಯೂಸಿನವನು ಬೇಡ ಅಂದರೆ ಬೆಂಗಳೂರು ಮಾರ್ಕೆಟ್ಟಿಗೆ ಹಾಕಬಹುದು, ಅಲ್ಲಿ ರೇಟು ಬಿದ್ದರೆ ರಸ್ತೆ ಬದಿ ಬುಟ್ಟಿ ಇಟ್ಟು ಮಾರಬಹುದು. ಶಿರಾಜನ್ನು ವೈನರಿ ಬೇಡ ಅಂದರೆ ಯಾರಿಗೆ ಕೊಡುವುದು? ಬೀಜ, ದಪ್ಪ ಸಿಪ್ಪೆ, ತಿನ್ನುವವರಿಲ್ಲ. ಒಣಗಿಸಿದರೆ ಬರೀ ಬೀಜ. ಮಹಾರಾಷ್ಟ್ರದಲ್ಲಿ ಇದು ನಡೆದುಹೋಗಿದೆ. 2001ರಲ್ಲಿ ಅಲ್ಲಿನ ಸರ್ಕಾರ ನೀತಿ ತಂದ ಮೇಲೆ ನಾಸಿಕ, ಸಾಂಗ್ಲಿ ಕಡೆ ವೈನರಿಗಳು ಎದ್ದವು, ರೈತರು ವೈನ್ ತಳಿ ನೆಟ್ಟರು. 2008ರಲ್ಲಿ ಜಗತ್ತಿನ ವ್ಯಾಪಾರವೆಲ್ಲ ಕುಸಿಯಿತು, ನವೆಂಬರಿನಲ್ಲಿ ಮುಂಬೈ ಮೇಲೆ ದಾಳಿ ಆಗಿ ಹೋಟೆಲುಗಳಿಗೆ ಜನ ಬರುವುದು ಕಮ್ಮಿ ಆಯಿತು. ಟ್ಯಾಂಕುಗಳಲ್ಲಿ ವೈನ್ ಹಾಗೇ ಉಳಿಯಿತು. ಮುಂದಿನ ಒಂದೆರಡು ವರ್ಷ ಹಣ್ಣು ಕೊಳ್ಳುವವರಿಲ್ಲದೆ ಬಹಳ ರೈತರು ಬಳ್ಳಿ ಕಿತ್ತು ಹಾಕಿದರು. ಇದನ್ನು ನಮಗೆ ಹೇಳಿದವರು ವೈನರಿಯ ಯಜಮಾನರೇ. ಹಣ್ಣು ಕೊಳ್ಳುವವರು ತಾವೇ ಆಗಿದ್ದೂ ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ಗೌರವ ಬಂತು.

ಒಪ್ಪಂದ ಮಾಡಿಕೊಳ್ಳುವುದಾದರೆ ಏನು ನೋಡಬೇಕು ಎಂದು ಕೇಳಿದೆ. ಬಾಯಿಮಾತು ಬೇಡ, ಬರಹದಲ್ಲಿರಲಿ, ಬಳ್ಳಿ ಹತ್ತಾರು ವರ್ಷ ಇರುತ್ತದೆ, ಒಪ್ಪಂದ ಒಂದೇ ವರ್ಷದ್ದಾದರೆ ಏನು ಉಪಯೋಗ ಅಂದರು. ಬ್ರಿಕ್ಸ್ ಎಷ್ಟಕ್ಕೆ ಎಷ್ಟು ರೇಟು, ಕಮ್ಮಿ ಬಂದರೆ ಎಷ್ಟು ಕಡಿತ ಎಂಬುದು ಅಂಕಿಯಲ್ಲಿ ಇರಬೇಕು. ದುರ್ಬೀನು ಹಿಡಿಯುವುದು ಯಾರು, ತೋಟದಲ್ಲೋ ಅವರ ಗೇಟಿನಲ್ಲೋ? ಮಾರ್ಚಿಯಲ್ಲಿ ಅಕಾಲ ಮಳೆ ಬಂದರೆ ಕಾಳು ನೀರು ಕುಡಿದು ಸಿಹಿ ಇಳಿಯುತ್ತದೆ, ಒಡೆಯುತ್ತದೆ, ಆಗ ನಷ್ಟ ಯಾರದು? ಕೊಯ್ಯುವ ದಿನ ಅವರು ಹೇಳುವುದು, ಹೇಳಿದ ದಿನ ಲಾರಿ ಬರದೆ ಎರಡು ದಿನ ಕಳೆದರೆ ತೂಕ ಕಮ್ಮಿ ಆದದ್ದು ಯಾರ ತಲೆಗೆ? ದುಡ್ಡು ಎಷ್ಟು ದಿನಕ್ಕೆ? ನಮ್ಮ ಹುಡುಗನ ಹತ್ತಿರ ಬಂದಿದ್ದ ಮನುಷ್ಯ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ಈ ಪ್ರಶ್ನೆಗಳನ್ನೆಲ್ಲ ಕಾಗದದಲ್ಲಿ ಬರೆದು ಅವನಿಗೆ ಕೊಟ್ಟೆವು. ಕಂಪನಿಯವರನ್ನು ಕೇಳಿ ಬರುತ್ತೇನೆ ಎಂದು ಹೋದವನು ಇದನ್ನು ಬರೆಯುವ ತನಕ ಬಂದಿಲ್ಲ. ಅಕ್ಕನ ಮಗ ಬ್ಯಾಂಕಿನ ಅರ್ಜಿ ಹಾಗೇ ಇಟ್ಟುಕೊಂಡು, ಸದ್ಯಕ್ಕೆ ವಾಲಿದ ಕೂಚ ನೆಟ್ಟಗೆ ಮಾಡಿಸಿ, ಇದ್ದ ಚಪ್ಪರಕ್ಕೇ ಹನಿ ನೀರಾವರಿ ಎಳೆದಿದ್ದಾನೆ. ಮೂಲೆಯ ಒಂದು ಸಾಲಿಗೆ ಮಾತ್ರ ಇಪ್ಪತ್ತು ಶಿರಾಜ್ ಕಸಿ ಗಿಡ ತಂದು ಹಾಕಿದ್ದಾನೆ, ನಮ್ಮ ಮಣ್ಣಿಗೆ ಹೇಗೆ ಬರುತ್ತೋ ನೋಡಲಿಕ್ಕೆ.

ನನಗೂ ಒಂದು ಲಾಭ ಆಯಿತು. ಶೆಡ್ಡಿನ ಹಿಂದೆ ಹಿಂಡಿದ ಸಿಪ್ಪೆ, ಬೀಜದ ದೊಡ್ಡ ರಾಶಿ ಬಿದ್ದಿತ್ತು. ಒಂದು ಟನ್ ಹಣ್ಣಿಗೆ ಎರಡು ಕ್ವಿಂಟಾಲಿನಷ್ಟು ಉಳಿಯುತ್ತದೆ. ಇದರಲ್ಲಿ ಪೊಟ್ಯಾಷ್ ಚೆನ್ನಾಗಿದೆ, ಆದರೆ ಹುಳಿ, ಹಸಿಯಾಗಿ ಹೊಲಕ್ಕೆ ಹಾಕಬಾರದು, ಬೀಜ ಕರಗಲು ತಡ. ಅವರ ತೋಟಕ್ಕೆ ಆಗಿ ಮಿಕ್ಕಿದ್ದನ್ನು ಟ್ರಾಕ್ಟರ್ ತಂದರೆ ಹೊತ್ತುಕೊಂಡು ಹೋಗಿ ಅಂದರು. ಬಾಡಿಗೆ ಕೊಟ್ಟು ಎರಡು ಲೋಡ್ ತಂದೆ. ಒಂದು ಪದರ ಸಿಪ್ಪೆ, ಒಂದು ಪದರ ಸಗಣಿ, ಮಧ್ಯೆ ಒಂದಿಷ್ಟು ಬೂದಿ ಚೆಲ್ಲಿ ತಿಪ್ಪೆಗೆ ಹಾಕಿದ್ದೇನೆ. ಎರಡು ಸಲ ತಿರುವಿ ಹಾಕಿದ್ದೂ ಆಯಿತು. ಹುಳಿ ವಾಸನೆ ಹೋಗಿದೆ, ಸಿಪ್ಪೆ ಕರಗಿದೆ, ಬೀಜ ಇನ್ನೂ ಕೈಗೆ ಸಿಗುತ್ತದೆ. ಮುಂಗಾರಿಗೆ ರಾಗಿ ಹೊಲದ ಅರ್ಧಕ್ಕೆ ಇದನ್ನು, ಇನ್ನರ್ಧಕ್ಕೆ ಬರೀ ಕೊಟ್ಟಿಗೆ ಗೊಬ್ಬರ ಹಾಕುತ್ತೇನೆ.